ಸೇದಿ ತೋರಿಸು

ಸಿಗರೇಟು ಬಿಡಬೇಕೆಂದು ನಾನು ತೀರ್ಮಾನಿಸಿದ್ದು ಆರೋಗ್ಯದ ಕಾರಣಕ್ಕಲ್ಲ. ಬಚ್ಚಿಡುವ ಕೆಲಸ ಸೇದುವ ಕೆಲಸಕ್ಕಿಂತ ದೊಡ್ಡದಾಗಿತ್ತು, ಅದಕ್ಕೆ.

ಊರಂಚಿನ ಖರಾಡಿಯಲ್ಲಿ ಆಗ ಹೊಸದಾಗಿ ಎದ್ದಿದ್ದ ಗಾಜಿನ ಕಟ್ಟಡಗಳಲ್ಲೊಂದರಲ್ಲಿ ನನಗೆ ಕೆಲಸ. ಯಂತ್ರಗಳ ಜೊತೆ ಬರುವ ಕೈಪಿಡಿಗಳನ್ನು ಬರೆಯುತ್ತಿದ್ದೆ. ಈ ಗುಂಡಿಯನ್ನು ಒತ್ತಿ, ಕೆಂಪು ದೀಪ ಬಂದರೆ ಒತ್ತಬೇಡಿ, ಇತ್ಯಾದಿ. ಕಟ್ಟಡದ ಹಿಂದೆ ಯಾರೋ ಇನ್ನೂ ಮಾರದೆ ಉಳಿಸಿಕೊಂಡಿದ್ದ ಜೋಳದ ಹೊಲವಿತ್ತು. ಅದರ ಬದುವಿಗೆ ಒಂದು ಚಹಾದ ಟಪರಿ, ಅಂದರೆ ಗೂಡಂಗಡಿ. ನಮ್ಮ ವಿಭಾಗದ ತೀರ್ಮಾನಗಳು ಮೀಟಿಂಗ್ ಕೋಣೆಯಲ್ಲಿ ಆಗುತ್ತಿರಲಿಲ್ಲ, ಆ ಟಪರಿಯಲ್ಲಿ ಆಗುತ್ತಿದ್ದವು. ಸೇದುವವರು ಹೋಗಿ ನಿರ್ಧಾರ ಮಾಡಿ ಬರುತ್ತಿದ್ದರು. ಸೇದದವರಿಗೆ ಆಮೇಲೆ ಈಮೇಲ್ ಬರುತ್ತಿತ್ತು. ಕೆಲವು ತಿಂಗಳು ನಾನು ಈಮೇಲ್ ಪಡೆಯುವವಳಾಗಿದ್ದೆ. ನಂತರ ಟಪರಿಗೆ ಹೋಗತೊಡಗಿದೆ. ಮೊದಲು ಬರೀ ಚಹಾ, ಆಮೇಲೆ ಯಾರೋ ಚಾಚಿದ ಒಂದು ಸಿಗರೇಟು. ನನ್ನ ಕೈಪಿಡಿಗಳಿಗೆ ಕಾಲಾವಕಾಶ ಹೆಚ್ಚು ಸಿಗತೊಡಗಿತು. ಮುಂದೆ ಕಾರಣವೇನೂ ಬೇಕಾಗಲಿಲ್ಲ.

ಮನೆ ಸದಾಶಿವ ಪೇಠದ ಒಂದು ಹಳೆಯ ವಾಡೆಯ ಎರಡನೆಯ ಮಹಡಿಯಲ್ಲಿತ್ತು. ನಾನು, ಅವ್ವ, ಅಪ್ಪ. ಅಪ್ಪ ವಿಜಾಪುರದ ಕಡೆಯಿಂದ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟವರು. ಹೊಸ್ತಿಲ ಒಳಗೆ ಕನ್ನಡ, ಮೆಟ್ಟಿಲಿಳಿದರೆ ಮರಾಠಿ. ಇಂಥ ಮನೆಗೆ ಸಿಗರೇಟಿನ ವಾಸನೆ ತರದೆ ಬರುವುದಕ್ಕೆ ವ್ಯವಸ್ಥೆ ಬೇಕಿತ್ತು. ಆಫೀಸಿನ ಡ್ರಾಯರಿನಲ್ಲಿ ಸೇದುವುದಕ್ಕೆಂದೇ ಒಂದು ದುಪಟ್ಟಾ ಇತ್ತು. ಕಂಪನಿಯ ಬಸ್ಸು ಹತ್ತುವ ಮೊದಲು ಸಾಬೂನು, ಲವಂಗ, ಕೈಗೆ ನಿಂಬೆಯ ಹೋಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಕೂದಲಿಗೆ ಗಾಳಿ. ಮನೆಯಲ್ಲಿ ಒಮ್ಮೆಯೂ ಯಾರಿಗೂ ಸಂಶಯ ಬರಲಿಲ್ಲ. ಇದು ನನ್ನ ಮಟ್ಟಿಗೆ ಹೆಮ್ಮೆಯ ವಿಷಯವಾಗಿತ್ತು, ಮತ್ತು ಇದರಿಂದ ನನಗೆ ಸಾಕಾಗಿತ್ತು.

ಸ್ವಂತ ಬಲದಿಂದ ಬಿಡಲು ನೋಡಿದೆ, ಆಗಲಿಲ್ಲ. ನಿಕೋಟಿನ್ ಇರುವ ಗಮ್ ಅಗಿದು ನೋಡಿದೆ. ಅವ್ವ, “ದನದಂಗ ಮೆಲಕು ಹಾಕಬ್ಯಾಡ” ಅಂದಳು. ಕೊನೆಗೆ ಕ್ಯಾಂಪ್ ಬಡಾವಣೆಯಲ್ಲಿ ಒಬ್ಬ ಎದೆರೋಗದ ಡಾಕ್ಟರರನ್ನು ಕಂಡೆ. ಕ್ಯಾಂಪನ್ನು ಆರಿಸಿಕೊಂಡದ್ದು ನಮ್ಮ ಮಂದಿ ಆ ಕಡೆ ಹೋಗುವುದಿಲ್ಲವೆಂದು. ಅವರು ನಡುವಯಸ್ಸಿನ ಮರಾಠಿ ಹೆಂಗಸು. ನನ್ನ ಎದೆಯ ಸದ್ದು ಕೇಳಿದ ಮೇಲೆ ಸ್ಟೆತಾಸ್ಕೋಪನ್ನು ಮೇಜಿನ ಮೇಲೆ ಇಟ್ಟು, “ಘರೀ ಮಾಹೀತ್ ಆಹೇ ಕಾ?” ಎಂದರು. ಮನೆಯಲ್ಲಿ ಗೊತ್ತೇ ಎಂದು.

“ನಾಹೀ.”

“ಹಾಗಾದರೆ ಬಿಟ್ಟ ಮೇಲೆ ಸಿಟ್ಟು ಬರುತ್ತದಲ್ಲ, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಅಂತ ಈಗಲೇ ಯೋಚನೆ ಮಾಡಿಟ್ಟುಕೋ.”

ಅವರು ಬರೆದುಕೊಟ್ಟದ್ದು ಬ್ಯುಪ್ರೊಪಿಯಾನ್ ಎಂಬ ಮಾತ್ರೆ. ಮೊದಮೊದಲು ಮಾತ್ರೆಯನ್ನೂ ಸಿಗರೇಟನ್ನೂ ಜೊತೆಗೇ ನಡೆಸಬೇಕು, ಒಂದು ದಿನ ಗೊತ್ತುಮಾಡಿಕೊಂಡು ಅಂದಿನಿಂದ ಸಿಗರೇಟನ್ನು ಬಿಟ್ಟು ಮಾತ್ರೆಯನ್ನು ಮಾತ್ರ ಮುಂದುವರಿಸಬೇಕು. ಬಾಯಿ ಒಣಗುತ್ತದೆ, ನಿದ್ದೆ ಕಡಿಮೆಯಾಗುತ್ತದೆ, ಹಸಿವು ಹೋಗಬಹುದು ಎಂದರು. “ಇದು ಮೂಲತಃ ಡಿಪ್ರೆಶನ್ನಿಗೆ ಕೊಡುವ ಔಷಧ. ತೆಗೆದುಕೊಂಡವರಿಗೆ ಸಿಗರೇಟು ರುಚಿಸಲಿಲ್ಲ, ಹಾಗಾಗಿ ಇದಕ್ಕೂ ಕೊಡುತ್ತೇವೆ” ಎಂದೂ ಹೇಳಿದರು. ಇದನ್ನು ನಾನು ಅನಗತ್ಯ ಮಾಹಿತಿ ಎಂದು ಪರಿಗಣಿಸಿದೆ. ಪೆಟ್ಟಿಗೆಯೊಳಗಿನ ಚೀಟಿಯನ್ನು ಮಾತ್ರ ಬಸ್ಸಿನಲ್ಲಿ ಪೂರ್ತಿ ಓದಿದೆ. ಕೈಪಿಡಿ ಬರೆಯುವವಳಾಗಿ ಅದರ ಬಗ್ಗೆ ನನಗೆ ಗೌರವ ಬಂತು. ಓದುವವರನ್ನು ಹೆದರಿಸಲು ಅಷ್ಟು ಚಿಕ್ಕ ಅಕ್ಷರದಲ್ಲಿ ಬರೆಯುವುದು ಸುಲಭವಲ್ಲ.

ಮಾತ್ರೆ ಕೆಲಸ ಮಾಡಿತು. ಸಿಗರೇಟು ಮೊದಲು ಸಪ್ಪೆಯಾಯಿತು, ಆಮೇಲೆ ಸುಟ್ಟ ರಟ್ಟಿನಂತಾಯಿತು. ಗೊತ್ತುಮಾಡಿದ ದಿನ ಬಿಟ್ಟೆ. ಡ್ರಾಯರಿನಲ್ಲಿದ್ದ ಉಳಿದ ಪೊಟ್ಟಣವನ್ನು ಟಪರಿಯವನಿಗೇ ಕೊಟ್ಟೆ. ಅವನು ಏನೂ ಕೇಳದೆ ತೆಗೆದುಕೊಂಡು ಬಿಡಿಬಿಡಿಯಾಗಿ ಮಾರಿದ. ಡಾಕ್ಟರು ಹೇಳಿದ ಹಾಗೆಯೇ ಬಾಯಿ ಒಣಗಿತು. ನಿದ್ದೆ ಹೋಯಿತು, ಊಟ ಸೇರಲಿಲ್ಲ. ಸೇದಬೇಕೆನ್ನಿಸಿದಾಗ ಎಲ್ಲಿದ್ದೇನೋ ಅಲ್ಲೇ ಕುಳಿತು, ಅದು ಹೋಗುವವರೆಗೆ ಗೋಡೆಯನ್ನೋ ಆಕಾಶವನ್ನೋ ನೋಡುತ್ತಿದ್ದೆ. ಮಾತಾಡಿದರೆ ಸಿಡುಕುತ್ತೇನೆಂದು ಮಾತು ಕಡಿಮೆ ಮಾಡಿದೆ. ನನ್ನ ಲೆಕ್ಕದಲ್ಲಿ ಎಲ್ಲವೂ ಚೀಟಿಯಲ್ಲಿದ್ದಂತೆಯೇ ನಡೆಯುತ್ತಿತ್ತು.

ನಡುವೆ ನಡೆದದ್ದು ನನಗೆ ತಿಳಿದದ್ದು ಆಮೇಲೆ. ಆದರೆ ಇಲ್ಲಿಯೇ ಹೇಳುವುದು ಒಳ್ಳೆಯದು.

ನಮ್ಮಂಥ ಮನೆಗಳಲ್ಲಿ ಔಷಧದ ಹೆಸರನ್ನು ಯಾರೂ ಓದುವುದಿಲ್ಲ. ಮಾತ್ರೆಗಳ ಖಾಲಿ ಪಟ್ಟಿಯನ್ನು ಹಿಡಿದು ಮೆಡಿಕಲ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ನೋಡಿ ಇಂಥದ್ದಕ್ಕೆ ಎನ್ನುತ್ತಾನೆ. ತಲೆನೋವಿನ ಪಟ್ಟಿ, ಆಮ್ಲಪಿತ್ತದ ಪಟ್ಟಿ, ಅಪ್ಪನ ಬಿಪಿಯ ಪಟ್ಟಿ ಎಲ್ಲ ಹೀಗೆಯೇ ಗೊತ್ತಾದವು. ನನ್ನ ಬಟ್ಟೆ ಒಗೆಯಲು ತೆಗೆದಾಗ ಚೀಲದಲ್ಲಿ ಸಿಕ್ಕ ಖಾಲಿ ಪಟ್ಟಿಯನ್ನು ಅವ್ವ ಹಾಗೆಯೇ ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಓಣಿಯ ಮೂಲೆಯ ಅಂಗಡಿಗೆ ಹೋದಳು. ಅಂಗಡಿಯವನು ಅಪ್ಪನ ಊರಿನ ಪಕ್ಕದ ಊರಿನವನು. ಅವ್ವನನ್ನು ಅಕ್ಕ ಎನ್ನುತ್ತಿದ್ದ.

“ಅಕ್ಕಾರ, ಇದು ಯಾರಿಗಿರಿ?”

“ಮಗಳ ಚೀಲದಾಗ ಇತ್ತು. ತಲಿನೋವಿಂದೇನು?”

“ತಲಿನೋವಿಂದಲ್ಲರಿ. ಮನಸ್ಸಿಂದು.”

“ಮನಸ್ಸಿಂದು ಅಂದ್ರ?”

“ಮನಸ್ಸು ಕುಗ್ಗಿದವ್ರಿಗಿ ಕೊಡ್ತಾರ್ರಿ. ಈಗೀಗ ಭಾಳ ಮಂದಿ ತಗೋತಾರ, ಗಾಬರಿ ಆಗಬ್ಯಾಡ್ರಿ. ನಾ ಯಾರ ಮುಂದೂ ಹೇಳಂಗಿಲ್ಲ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಾತನ್ನೂ ಉಳಿಸಿಕೊಂಡ. ಅಪ್ಪನಿಗೆ ಮಾತ್ರ ಹೇಳಿದ.

ಅವ್ವನಿಗೆ ಇಂಥ ಮಾತ್ರೆ ಹೊಸದಾಗಿರಲಿಲ್ಲ. ಅವಳಿಗೊಬ್ಬಳು ತಂಗಿ ಇದ್ದಳು. ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ, ಎರಡು ಜಡೆ, ಕ್ಯಾಮೆರಾವನ್ನು ನೋಡದ ಕಣ್ಣು. ಊಟ ಬಿಟ್ಟು ಮಾತು ಬಿಟ್ಟಳೆಂದು ಮಿರಜಿನ ಡಾಕ್ಟರರಿಗೆ ತೋರಿಸಿದ್ದರು. ಅವರು ಮನಸ್ಸಿನ ಗುಳಿಗೆ ಕೊಟ್ಟರು. ಗುಳಿಗೆ ಮುಗಿಯುವುದರೊಳಗೆ ಅವಳು ತೋಟದ ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತು ಎಂದು ನಮ್ಮ ಮನೆತನದಲ್ಲಿ ಇವತ್ತಿಗೂ ಹೇಳುತ್ತಾರೆ. ಅದನ್ನು ಹೇಳುವಾಗ ಅವ್ವ ಕೋಣೆಯಲ್ಲಿ ಇರುವುದಿಲ್ಲ.

ಇಷ್ಟು ಗೊತ್ತಿದ್ದರೆ ಆ ವಾರಗಳು ನನಗೆ ಅರ್ಥವಾಗುತ್ತಿದ್ದವು. ಗೊತ್ತಿರಲಿಲ್ಲವಾದ್ದರಿಂದ ಅಪ್ಪ ಅವ್ವ ಇಬ್ಬರಿಗೂ ಏನೋ ಆಗಿದೆ ಎಂದುಕೊಂಡೆ. ಅಪ್ಪ ಹಣ್ಣು ತರತೊಡಗಿದರು. ಅವರಿಗೆ ಚಿಲ್ಲರೆಯಲ್ಲಿ ಕೊಂಡು ಅಭ್ಯಾಸವಿಲ್ಲ. ಒಂದು ದಿನ ಒಂದು ಪೆಟ್ಟಿಗೆ ಚಿಕ್ಕು, ಅದು ಕೊಳೆಯುವ ಮೊದಲೇ ಒಂದು ಪೆಟ್ಟಿಗೆ ದಾಳಿಂಬೆ, ಅದರ ಮೇಲೆ ಅಂಜೂರ. ಹಮಾಲ ಮೆಟ್ಟಿಲು ಹತ್ತಿ ಇಳಿಸಿ ಹೋಗುತ್ತಿದ್ದ. “ತಿನ್ನವಾ, ಮನಸ್ಸಿಗೆ ತಂಪು” ಎನ್ನುತ್ತಿದ್ದರು ಅಪ್ಪ, ನನ್ನ ಮುಖ ನೋಡದೆ. ಸೊಲ್ಲಾಪುರದಿಂದ ನನ್ನನ್ನು ನೋಡಲು ಬರಬೇಕಿದ್ದವರು ಬರಲಿಲ್ಲ. ಕೇಳಿದರೆ, “ಅವಸರ ಏನದ” ಎಂದಳು ಅವ್ವ. ನನಗೆ ಇಪ್ಪತ್ತು ತುಂಬಿದಾಗಿನಿಂದ ಅವಸರದಲ್ಲಿದ್ದವಳು ಅವಳೇ. ನಾನು ಹೆಚ್ಚಿಗೆ ವಿಚಾರಿಸಲಿಲ್ಲ. ಒಳ್ಳೆಯದಾಗುತ್ತಿರುವಾಗ ಕಾರಣ ಕೇಳುವುದು ನನ್ನ ಸ್ವಭಾವವಲ್ಲ.

ಅವ್ವ ತನ್ನ ಹಾಸಿಗೆಯನ್ನು ನನ್ನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಹಾಸಿಕೊಂಡಳು. ಸೆಖೆ ಎಂದಳು. ನನಗಂತೂ ನಿದ್ದೆ ಇರಲಿಲ್ಲ, ನೀರಿಗೆಂದು ಎದ್ದಾಗಲೆಲ್ಲ ಅವಳ ಕಣ್ಣು ತೆರೆದೇ ಇರುತ್ತಿತ್ತು. ವಾಡೆಯ ಅಂಗಳದಲ್ಲಿ ಒಂದು ಹಳೆಯ ಬಾವಿ ಇದೆ, ಮೇಲೆ ಕಬ್ಬಿಣದ ಜಾಳಿಗೆ. ಅದಕ್ಕೆ ಬೀಗ ಹಾಕಿಸಬೇಕೆಂದು ಅವ್ವ ಮನೆ ಮಾಲೀಕರ ಬೆನ್ನು ಹತ್ತಿದಳು. ಮಕ್ಕಳು ಆಡುತ್ತವೆ ಎಂದು ಕಾರಣ ಕೊಟ್ಟಳು. ಆ ವಾಡೆಯಲ್ಲಿ ಆಗ ಮಕ್ಕಳಿರಲಿಲ್ಲ. ಮೇಲಿನ ಮಹಡಿಯಲ್ಲಿ ಕೋಚಿಂಗ್ ಕ್ಲಾಸಿನವರು, ಕೆಳಗೆ ಒಬ್ಬ ನಿವೃತ್ತ ಗುಮಾಸ್ತರು. ಮಾಲೀಕರು ನೋಡೋಣ ಎಂದರು.

ಅವ್ವನ ಕಣ್ಣ ಕೆಳಗೆ ಕಪ್ಪಾಯಿತು. ಒಂದು ದಿನ ಉಪ್ಪಿನ ಬದಲು ಸಕ್ಕರೆ ಹಾಕಿ ಸಾರು ಮಾಡಿದಳು. ಇನ್ನೊಂದು ದಿನ ಮಂಡಯಿ ಮಾರುಕಟ್ಟೆಯಲ್ಲಿ ತರಕಾರಿ ಕೊಂಡು, ಚೀಲವನ್ನು ಅಲ್ಲೇ ಬಿಟ್ಟು ಬಂದಳು. ಇವಳನ್ನೊಮ್ಮೆ ಡಾಕ್ಟರರಿಗೆ ತೋರಿಸಬೇಕು ಎಂದು ನಾನು ಅಪ್ಪನಿಗೆ ಹೇಳಿದೆ. ಅಪ್ಪ ನನ್ನನ್ನೇ ನೋಡಿ, “ಹೂಂ, ತೋರ್ಸೂಣು, ತೋರ್ಸೂಣು” ಎಂದು ತಲೆ ಸವರಿ ಹೋದರು.

ಶನಿವಾರ ನನಗೆ ರಜೆ, ಅಪ್ಪನಿಗಿಲ್ಲ. ಅಂಥ ಒಂದು ಶನಿವಾರ ಬೆಳಗಿನ ಚಹಾದ ನಂತರ ಸೇದಬೇಕೆಂಬುದು ತುಸು ಜೋರಾಗಿಯೇ ಬಂತು. ಮನೆಯೊಳಗೆ ಕುಳಿತುಕೊಳ್ಳಲಾಗದೆ ಅಂಗಳಕ್ಕಿಳಿದೆ. ಅಂಗಳದಲ್ಲಿ ನೆರಳಿರುವುದು ಬಾವಿಯ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ಕುಳಿತು, ಜಾಳಿಗೆಯ ಕೆಳಗಿನ ನೀರನ್ನು ನೋಡುತ್ತ, ಅದು ಹೋಗುವುದನ್ನು ಕಾದೆ.

ಮೇಲೆ ಕಿಟಕಿಯಿಂದ ಅವ್ವ ನೋಡಿದಳು. ಅವಳು ಬರಿಗಾಲಿನಲ್ಲಿ ಮೆಟ್ಟಿಲಿಳಿದ ಸದ್ದು ಕೇಳಿ ನಾನು ತಿರುಗುವಷ್ಟರಲ್ಲಿ ಕೊನೆಯ ಮೆಟ್ಟಿಲುಗಳಲ್ಲಿ ಬಿದ್ದಿದ್ದಳು. ಬಿದ್ದಲ್ಲಿಂದ ಅವಳು ಮೊದಲು ಹಿಡಿದದ್ದು ತನ್ನ ಮೊಣಕಾಲನ್ನಲ್ಲ, ಓಡಿಹೋದ ನನ್ನ ಕೈಯನ್ನು. ಬಿಡಿಸಿಕೊಳ್ಳಲು ಆಗಲಿಲ್ಲ. ಕೆಳಗಿನ ಗುಮಾಸ್ತರು ಬಾಗಿಲು ತೆರೆದು, “ಕಾಯ್ ಝಾಲಂ?” ಎಂದರು. “ಕಾಹೀ ನಾಹೀ, ಪಾಯ್ ಘಸರಲಾ” ಎಂದಳು ಅವ್ವ. ಏನೂ ಇಲ್ಲ, ಕಾಲು ಜಾರಿತು ಎಂದು. ಹಾಗೆ ಹೇಳಿದ ಮೇಲೆ ಅವಳು ಅಳತೊಡಗಿದಳು.

ಮನೆಗೆ ಕರೆತಂದು ಮೊಣಕಾಲಿಗೆ ಅರಿಶಿನ ಹಚ್ಚುವಾಗ ಎಲ್ಲ ಹೊರಬಂತು. ಖಾಲಿ ಪಟ್ಟಿ, ಮೆಡಿಕಲ್ ಅಂಗಡಿ, ಅಪ್ಪನ ಹಣ್ಣುಗಳ ಕಾರಣ.

“ಆಕೀನೂ ಹಿಂಗ ಕಟ್ಟಿ ಮ್ಯಾಲೆ ಕುಂಡ್ರತಿದ್ಲು” ಎಂದಳು ಅವ್ವ. “ಆಕೀ ಮ್ಯಾಲೆ ಕಣ್ಣಿಡು ಅಂತ ನನಗ ಹೇಳಿದ್ರು. ಮಧ್ಯಾಹ್ನ ಆಕೀ ಬಾಜೂಕ ಮಲಗಿದ್ದೆ. ನನಗ ಕಣ್ಣ ಹತ್ತಿತು.”

ನನಗೆ ತಡಮಾಡುವುದು ಸರಿ ಕಾಣಲಿಲ್ಲ. “ಅವ್ವಾ, ನಾ ಸಿಗರೇಟ ಸೇದತಿದ್ದೆ. ಅದನ್ನ ಬಿಡಾಕ ಡಾಕ್ಟರು ಈ ಗುಳಿಗಿ ಕೊಟ್ಟಾರ. ನನ್ನ ಮನಸ್ಸಿಗೆ ಏನೂ ಆಗಿಲ್ಲ” ಎಂದೆ.

ಅವ್ವ ಮೊಣಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, “ಸುಳ್ಳ ಹೇಳಬ್ಯಾಡ” ಎಂದಳು.

ಈ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿದ್ದೆ.

“ಸುಳ್ಳಲ್ಲ. ಖರೇನ ಸೇದತಿದ್ದೆ.”

“ಸಿಗರೇಟ ಬಿಡಾಕ ಯಾರರೆ ಗುಳಿಗಿ ನುಂಗ್ತಾರೇನು? ನಿಮ್ಮಪ್ಪ ಬೀಡಿ ಬಿಟ್ರು. ಗುಳಿಗಿ ತಗೊಂಡ್ರೇನು? ಪಂಢರಪುರಕ್ಕ ಹೋದ್ರು, ಬೀಡಿ ಕಟ್ಟು ಚಂದ್ರಭಾಗಾ ನದ್ಯಾಗ ಬಿಟ್ರು, ಮನಿಗೆ ಬಂದ್ರು.”

“ಬಂದು ಜರ್ದಾ ಹಾಕಾಕ ಚಾಲೂ ಮಾಡಿದ್ರಲ್ಲ.”

“ಬೀಡಿ ಬಿಟ್ರೋ ಇಲ್ಲೋ?”

ನಾನು ಅರಿಶಿನದ ಬಟ್ಟಲನ್ನು ಒಳಗಿಟ್ಟು ಬಂದೆ.

ಸಮಸ್ಯೆ ಏನೆಂದರೆ ನನ್ನ ಬಳಿ ಸಾಕ್ಷಿ ಇರಲಿಲ್ಲ. ಪೊಟ್ಟಣವಿಲ್ಲ, ವಾಸನೆಯಿಲ್ಲ, ಬೆರಳಿನ ಮೇಲೆ ಕಲೆಯಿಲ್ಲ. ಸೇದುವ ದುಪಟ್ಟಾ ಖರಾಡಿಯಲ್ಲಿ. ಯಾರಿಗೂ ಗೊತ್ತಾಗದಂತೆ ವರ್ಷಗಟ್ಟಲೆ ಎಷ್ಟು ಜಾಣತನದಿಂದ ನಡೆದುಕೊಂಡಿದ್ದೆನೋ ಅಷ್ಟೂ ಈಗ ನನಗೇ ವಿರುದ್ಧವಾಗಿ ನಿಂತಿತ್ತು. ಡಾಕ್ಟರರ ಬಳಿ ಹೋಗೋಣ, ನೀನೇ ಕೇಳು ಎಂದೆ. “ಮಿರಜಿನ ಡಾಕ್ಟರೂ ಏನೂ ಆಗಂಗಿಲ್ಲ ಅಂದಿದ್ದ” ಎಂದಳು. ಹೆಣ್ಣುಮಗಳೊಬ್ಬಳು ಸಿಗರೇಟು ಸೇದುತ್ತೇನೆಂದು ತಾನಾಗಿ ಹೇಳಿಕೊಳ್ಳಬೇಕಾದರೆ ಅದಕ್ಕಿಂತ ಕೆಟ್ಟದ್ದು ಯಾವುದನ್ನೋ ಮುಚ್ಚುತ್ತಿರಲೇಬೇಕು ಎಂಬುದು ಅವಳ ತರ್ಕ. ಯೋಚಿಸಿದರೆ ಅದರಲ್ಲಿ ದೋಷ ಹುಡುಕುವುದು ಕಷ್ಟ.

ಊಟವಾಯಿತು. ಅವ್ವ ಊಟ ಮಾಡಲಿಲ್ಲ, ನಾನು ಉಣ್ಣುವುದನ್ನು ನೋಡಿದಳು. ಆಮೇಲೆ ನನ್ನನ್ನೂ ಕರೆದುಕೊಂಡು ಕುಂಟುತ್ತ ಕೆಳಗೆ ಹೋದಳು. ನನ್ನನ್ನು ವಾಡೆಯ ಬಾಗಿಲಲ್ಲೇ ನಿಲ್ಲಿಸಿ, ಕಾಣುವ ಹಾಗೆ ನಿಂತಿರು ಎಂದು ಹೇಳಿ, ಎದುರಿನ ಪಾನಪಟ್ಟಿಯ ಅಂಗಡಿಗೆ ಹೋಗಿ ಬಂದಳು. ಅಡುಗೆಮನೆಯಲ್ಲಿ ನನ್ನೆದುರು ಕುಳಿತು ಸೆರಗಿನ ಗಂಟು ಬಿಚ್ಚಿ ಒಂದು ಸಿಗರೇಟನ್ನು ನೆಲದ ಮೇಲೆ ಇಟ್ಟಳು. ಪಕ್ಕದಲ್ಲಿ ಒಲೆಯ ಬಳಿಯ ಕಡ್ಡಿಪೆಟ್ಟಿಗೆ.

“ಆಮಚ್ಯಾ ಹ್ಯಾಂನಾ, ನಮ್ಮ ಮನಿಯವ್ರಿಗೆ ಅಂತ ಹೇಳಿ ತಂದೀನಿ. ಯಾವದು ಕೊಡಲಿ ಅಂತ ಕೇಳಿದ. ಹೆಣ್ಣಮಕ್ಕಳು ಸೇದೂದು ಯಾವದು ಅಂತ ಕೇಳಾಕ ಬಾಯಿ ಬರಲಿಲ್ಲ” ಎಂದಳು. “ಸೇದಿ ತೋರಿಸು.”

“ಅವ್ವಾ, ಒಂದು ಸೇದಿದ್ರ ಇಷ್ಟು ದಿವಸ ಬಿಟ್ಟಿದ್ದೆಲ್ಲ ಹೋಗ್ತದ. ಮತ್ತ ಮೊದಲಿಂದ ಮಾಡಬೇಕಾಗ್ತದ.”

“ಹೋಗ್ಲಿ. ನೀ ಸೇದಾಕಿ ಆಗಿದ್ರ ಸೇದು. ನನ್ನ ಜೀವಕ್ಕ ಒಂದ ಸಮಾಧಾನ ಆಗ್ಲಿ.”

ಯಾವ ತಾಯಿಯೂ ಮಗಳಿಗೆ ಇಷ್ಟು ದೈನ್ಯದಿಂದ ಸಿಗರೇಟು ಸೇದಲು ಹೇಳಿರಲಿಕ್ಕಿಲ್ಲ. ಅವಳ ಕಣ್ಣುಗಳು ಕೆಂಪಾಗಿದ್ದವು. ನಾನು ಸೇದದಿದ್ದರೆ ಅವಳು ಇನ್ನೂ ಎಷ್ಟು ದಿನ ಬಾಗಿಲಿಗೆ ಅಡ್ಡ ಮಲಗಿ ಎಚ್ಚರವಿರುತ್ತಾಳೆಂದು ಹೇಳುವಂತಿರಲಿಲ್ಲ. ಸೇದಿದರೆ ನನ್ನ ಗತಿ ಏನೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಸಪ್ಪೆಯಾಗಿರುತ್ತದೆ, ಆದರೂ ಎರಡನೆಯದು ಬೇಕಾಗುತ್ತದೆ. ಸಿಗರೇಟನ್ನು ಎತ್ತಿಕೊಂಡೆ.

ಆಮೇಲೆ ಕೈ ಏನು ಮಾಡಿತೋ ಅದನ್ನು ನಾನು ಯೋಚಿಸಿ ಮಾಡಲಿಲ್ಲ. ಅದನ್ನು ಬೆರಳುಗಳ ನಡುವೆ ಒಮ್ಮೆ ಹೊರಳಿಸಿತು. ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಕುಟ್ಟಿತು. ತುಟಿಯ ಮೂಲೆಗೆ ಸಿಕ್ಕಿಸಿತು. ಬಲಗೈ ಕಡ್ಡಿಯನ್ನು ತೆಗೆಯುವಷ್ಟರಲ್ಲಿ ಎಡಗೈ ಮುಖದ ಮುಂದೆ ಬಟ್ಟಲಿನಂತೆ ಬಾಗಿತ್ತು. ಅಡುಗೆಮನೆಯಲ್ಲಿ ಗಾಳಿಯಿರಲಿಲ್ಲ. ಖರಾಡಿಯ ಹೊಲದ ಗಾಳಿಗೆ ಅಡ್ಡ ಹಿಡಿದು ರೂಢಿಯಾದ ಕೈ ಅದು.

“ಸಾಕು” ಎಂದಳು ಅವ್ವ. “ಕಡ್ಡಿ ಗೀರಬ್ಯಾಡ.”

ಅವ್ವ ನನ್ನ ಎಡಗೈಯನ್ನು ನೋಡುತ್ತಿದ್ದಳು.

“ಇದು ಒಂದ ದಿನದಾಗ ಬರೂ ಕೈ ಅಲ್ಲ” ಎಂದಳು. ಎದ್ದು ಬಂದು ನನ್ನ ತುಟಿಯಿಂದ ಸಿಗರೇಟನ್ನು ತಾನೇ ತೆಗೆದಳು. ಅವಳ ಮುಖ ಸಡಿಲಾಯಿತು. ಅಲ್ಲಿಂದ ಮುಂದೆ, ಬೆಳಗಿನಿಂದ ನಾನು ಕಾದಿದ್ದ ಬೈಗುಳ ಶುರುವಾಯಿತು.

“ನಾಚಿಕಿ ಆಗೂದಿಲ್ಲೇನು ನಿನಗ?”

“ಆಗ್ತದ.”

“ಯಾವಾಗಿಂದ?”

“ಕೆಲಸಕ್ಕ ಸೇರಿದ ವರ್ಷದಿಂದ.”

“ಬಟ್ಟಿ ಒಗಿಯಾಕಿ ನಾನು. ಒಂದ ದಿನಾನೂ ವಾಸನಿ ಬರಲಿಲ್ಲಲ್ಲ?”

“ಸೇದೂ ದುಪಟ್ಟಾ ಬ್ಯಾರೆ ಅದ. ಆಫೀಸಿನಾಗ ಇಟ್ಟೀನಿ.”

“ಇಷ್ಟು ಬುದ್ಧಿ ಇದ್ದಾಕಿ ಸೇದೂದ್ಯಾಕ” ಎಂದಳು. ಬೈಗುಳದಲ್ಲಿ ಒಂದು ಪಾಲು ಮೆಚ್ಚುಗೆ ಇತ್ತೆಂದು ನನಗೆ ಇವತ್ತಿಗೂ ಅನುಮಾನ.

ನಮ್ಮ ಕಡೆಯ ಹೆಂಗಸರು ಮಿಶ್ರಿ ತಿಕ್ಕುತ್ತಾರೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುವುದು. ಅವ್ವ ಬೆಳಿಗ್ಗೆ ಒಮ್ಮೆ ತಿಕ್ಕುತ್ತಾಳೆ, ಊಟವಾದ ಮೇಲೊಮ್ಮೆ, ಯಾರಾದರೂ ಊರಿನಿಂದ ಬಂದು ಹೋದ ಮೇಲೊಮ್ಮೆ. ಅದನ್ನು ನಮ್ಮ ಮನೆಯಲ್ಲಿ ಯಾರೂ ತಂಬಾಕು ಎನ್ನುವುದಿಲ್ಲ. ಅವಳು ಸಿಗರೇಟಿನ ಕಾಗದವನ್ನು ಉಗುರಿನಿಂದ ಸೀಳಿ, ಒಳಗಿನದನ್ನು ಅಂಗೈಗೆ ಸುರಿದುಕೊಂಡು ಮೂಸಿದಳು.

“ಮಾಲ ಚಲೋ ಅದ” ಎಂದು ಹಂಚನ್ನು ಒಲೆಗೆ ಏರಿಸಿದಳು.

ಹೊಗೆ ಎದ್ದಿತು. ಅದನ್ನು ಸಹಿಸಿಕೊಂಡು ಅಲ್ಲೇ ಕೂತದ್ದು ನಾನು ಬಿಟ್ಟ ಮೇಲಿನ ಅತ್ಯಂತ ಕಷ್ಟದ ಹೊತ್ತು.

“ಈಗ ಬೇಕನಸ್ತದೇನು?” ಎಂದಳು ಅವ್ವ, ತಿರುಗದೆ.

“ಅನಸ್ತದ.”

“ಭಾಳ?”

“ಭಾಳ.”

“ನನಗೂ ಊಟಾದ ಮ್ಯಾಲೆ ಹಂಗ ಆಗ್ತದ” ಎಂದಳು. ಹಂಚನ್ನು ಕೆಳಗಿಳಿಸಿ, “ಆದ್ರ ಇದು ಹಲ್ಲಿಂದು” ಎಂದು ಸೇರಿಸಿದಳು.

ಅಪ್ಪನಿಗೆ ಏನು ಹೇಳುವುದು ಎಂದು ಕೇಳಿದೆ.

“ಏನೂ ಹೇಳೂದು ಬ್ಯಾಡ. ಸಿಗರೇಟ ಅಂದ್ರ ಅವ್ರಿಗೆ ತಡಕೊಳ್ಳಾಕ ಆಗೂದಿಲ್ಲ. ಮನಸ್ಸಿಂದೇ ಇರ್ಲಿ, ನಾಕ ದಿನಕ್ಕ ಆರಾಮ ಆತು ಅಂತ ನಾ ಹೇಳ್ತೀನಿ.”

ಮಿಶ್ರಿ ತಿಕ್ಕಿ ಬಾಯಿ ತೊಳೆದುಕೊಂಡು ಅವ್ವ ಅಡುಗೆಮನೆಯ ನೆಲದ ಮೇಲೆಯೇ ಸೆರಗನ್ನು ಹಾಸಿ ಒರಗಿದಳು. ಸಂಜೆಯ ಸಾರಿಗೆ ಬೇಳೆ ಇಡು, ಸೀಟಿ ಎಣಿಸು ಎಂದು ಹೇಳುತ್ತಿದ್ದವಳ ಮಾತು ನಡುವೆ ನಿಂತಿತು. ನೋಡಿದರೆ ನಿದ್ದೆ ಹೋಗಿದ್ದಳು, ಬಾಯಿ ತೆರೆದು, ಅರಿಶಿನ ಹಚ್ಚಿದ ಮೊಣಕಾಲನ್ನು ಮಡಿಸಿಕೊಂಡು. ಮಧ್ಯಾಹ್ನದಲ್ಲಿ ಅವಳು ಮಲಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾರಣ ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಬೇಳೆ ಇಟ್ಟೆ. ಕುಕ್ಕರು ಬುಸುಗುಟ್ಟತೊಡಗಿತು. ಇನ್ನೇನು ಸೀಟಿ ಹೊಡೆಯುತ್ತದೆ ಎನ್ನುವಾಗ ಒಲೆ ಆರಿಸಿ, ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತೆ. ಬೇಳೆ ಅರೆಬೆಂದಿತ್ತು. ರಾತ್ರಿ ಅದಕ್ಕೇ ಒಗ್ಗರಣೆ ಹಾಕಿ ಬಡಿಸಿದೆ. ಮನಸ್ಸು ಸರಿಯಿಲ್ಲದ ಮಗಳು ಮಾಡಿದ ಅಡುಗೆಯಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ಅಪ್ಪ ಚಲೋ ಆಗೇದ ಎಂದು ಎರಡು ಸಲ ಹಾಕಿಸಿಕೊಂಡರು. ಅವ್ವ ಒಂದು ತುತ್ತು ಬಾಯಿಗಿಟ್ಟು, ತಟ್ಟೆಯನ್ನು ನನ್ನ ಕಡೆ ಸರಿಸಿ, “ಇದನ್ನ ಮತ್ತ ಒಲಿ ಮ್ಯಾಲೆ ಇಡು” ಎಂದಳು.